ಎತ್ತರದ ಪೋಸ್ಟಿನಲ್ಲಿ ಸೈನಿಕರ ಆರೋಗ್ಯ: ಕಾಸರಗೋಡಿನಿಂದ ಹೋಗುವ ನರ್ಸಿಂಗ್ ಅಸಿಸ್ಟೆಂಟ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಕಾಸರಗೋಡಿನಲ್ಲಿ ಬೆಳೆದವರಿಗೆ ಗುಡ್ಡ ಹೊಸತಲ್ಲ. ಆದರೆ ನಮ್ಮ ಪೊಸಡಿಗುಂಪೆಯಾಗಲಿ ರಾಣಿಪುರವಾಗಲಿ ಸುಮ್ನೆ ಕೂತವನ ಉಸಿರು ಕಟ್ಟಿಸುವ ಗುಡ್ಡಗಳಲ್ಲ. ರಾಣಿಪುರದ ತುದಿ ಹೆಚ್ಚುಕಡಿಮೆ ಸಾವಿರ ಮೀಟರ್. ಲಡಾಖಿನ ಲೇಹ್ ಪಟ್ಟಣ, ಅಂದರೆ ಜನ ಪೇಟೆಗೆ ಹೋಗಿ ತರಕಾರಿ ತರುವ ಜಾಗ, ಅದೇ 3,500 ಮೀಟರ್ ಎತ್ತರದಲ್ಲಿದೆ. ಸೈನಿಕರ ಪೋಸ್ಟ್‌ಗಳು ಅಲ್ಲಿಂದಲೂ ಮೇಲೆ.

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರ ಕಡೆಯಿಂದ ಸೇನೆಗೆ ಹೋಗುವ ಹುಡುಗರಲ್ಲಿ ಪ್ಲಸ್ ಟುವಿನಲ್ಲಿ ವಿಜ್ಞಾನ ಓದಿದ ಕೆಲವರು ನರ್ಸಿಂಗ್ ಅಸಿಸ್ಟೆಂಟ್ ಕೆಲಸ ಆರಿಸಿಕೊಳ್ಳುತ್ತಾರೆ. ಲಕ್ನೋದ ತರಬೇತಿಯಲ್ಲಿ ಸೂಜಿ, ಡ್ರೆಸ್ಸಿಂಗ್, ಮದ್ದು ಎಲ್ಲ ಕಲಿಸುತ್ತಾರೆ. ಆದರೆ ಎತ್ತರದ ಪೋಸ್ಟಿನಲ್ಲಿ ಡಾಕ್ಟರ್ ಒಂದು ದಿನದ ನಡಿಗೆಯಷ್ಟು ದೂರ ಇರಬಹುದು. ಹತ್ತು ಹನ್ನೆರಡು ಜನರ ನಡುವೆ ಮದ್ದಿನ ಚೀಲ ಇರುವುದು ನಿಮ್ಮ ಹತ್ತಿರ ಮಾತ್ರ. ಅಲ್ಲಿ ಕಷ್ಟ ಮದ್ದು ಕೊಡುವುದರಲ್ಲಿಲ್ಲ. ‘ನಂಗೇನೂ ಆಗಿಲ್ಲ’ ಅನ್ನುವವನಿಗೆ ಏನೋ ಆಗಿದೆ ಅಂತ ಗುರುತಿಸುವುದೇ ಕಷ್ಟ. ಸೈನಿಕ ಹುಷಾರಿಲ್ಲ ಅಂತ ಬಾಯಿ ಬಿಡುವುದಿಲ್ಲ. ಜೊತೆಯವರ ಮುಂದೆ ಮರ್ಯಾದೆ ಹೋಗುತ್ತದೆ, ತನ್ನ ಪಾಲಿನ ಕಾವಲು ಇನ್ನೊಬ್ಬನ ಮೇಲೆ ಬೀಳುತ್ತದೆ ಅನ್ನುವ ಹಿಂಜರಿಕೆ. ಕೆಳಗೆ ಬರೆದದ್ದೆಲ್ಲ ಈ ಒಂದು ವಿಷಯದ ಸುತ್ತ ತಿರುಗುತ್ತದೆ.

ಇಲ್ಲಿ ಬರುವ ಮದ್ದಿನ ಪ್ರಮಾಣಗಳು ವೈದ್ಯಲೋಕ ಒಪ್ಪಿಕೊಂಡು ಬಳಸುವಂಥವು. ಹಾಗಂತ ಸ್ವಂತ ಬುದ್ಧಿಯಿಂದ ಕೊಡಬೇಡಿ. ನಿಮ್ಮ ರೆಜಿಮೆಂಟಿನ ವೈದ್ಯಾಧಿಕಾರಿ, ಅಂದರೆ ಆರ್‌ಎಂಒ, ಬರೆದುಕೊಟ್ಟ ಸೂಚನೆಯೇ ಕೊನೆಯ ಮಾತು. ಮೇಲೆ ಹೋಗುವ ಮೊದಲೇ ಅದನ್ನು ಬರೆಸಿಕೊಳ್ಳಿ.

ಹಂತ 1: ಊರಿನಿಂದ ಹೊರಡುವ ಮೊದಲು

ರಜೆಯಲ್ಲಿ ಊರಿಗೆ ಬಂದ ಸೈನಿಕನ ದಾರಿಯನ್ನೇ ನೋಡಿ. ಜನವರಿಯಲ್ಲಿ ಕುಂಬಳೆ ಜಾತ್ರೆಯ ಬೆಡಿ (ಸುಡುಮದ್ದು) ಮುಗಿಸಿಕೊಂಡು ಮಂಗಳಾ ಎಕ್ಸ್‌ಪ್ರೆಸ್ ಹತ್ತುತ್ತಾನೆ. ದೆಹಲಿಯಲ್ಲಿ ಇಳಿದು ವಿಮಾನ ಹಿಡಿದರೆ ಒಂದೂಕಾಲು ಗಂಟೆಯಲ್ಲಿ ಲೇಹ್. ಸಮುದ್ರ ಮಟ್ಟದಲ್ಲಿದ್ದ ದೇಹ ಮೂರೇ ದಿನದಲ್ಲಿ 3,500 ಮೀಟರ್ ಮೇಲಿದೆ. ರೈಲಿನ ಎರಡು ದಿನ ಲೆಕ್ಕಕ್ಕಿಲ್ಲ. ಅವನು ಏರಿದ್ದು ಆ ಒಂದೂಕಾಲು ಗಂಟೆಯಲ್ಲಿ ಮಾತ್ರ.

ಹಾಗಾಗಿ ಹೊರಡುವ ಮುಂಚೆ ಕೆಲವು ವಿಷಯ ವಿಚಾರಿಸಿ. ಹಿಂದೆ ಎತ್ತರದಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿತ್ತೇ? ಒಮ್ಮೆ ಬಂದವನಿಗೆ ಮತ್ತೆ ಬರುವ ಸಂಭವ ಜಾಸ್ತಿ. ಈಗ ಶೀತ, ಕೆಮ್ಮು, ಜ್ವರ ಇದೆಯೇ? ಇದ್ದರೆ ಗುಣವಾಗಲಿ, ನಾಲ್ಕು ದಿನ ತಡವಾದರೂ ಅಡ್ಡಿಯಿಲ್ಲ. ಸಲ್ಫಾ ಮದ್ದಿಗೆ ಅಲರ್ಜಿ ಇದೆಯೇ? ಎತ್ತರದ ಕಾಯಿಲೆಯ ಮಾತ್ರೆಯಾದ ಡಯಾಮಾಕ್ಸ್ ಕೊಡುವಾಗ ಬೇಕಾಗುವ ಮಾಹಿತಿ ಇದು. ರಕ್ತ ಕಮ್ಮಿ ಇದೆಯೇ? ಬಿಪಿ, ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುತ್ತಾನೆಯೇ? ಹಿಂದೆ ಹಿಮದಲ್ಲಿ ಬೆರಳು ಸತ್ತ ಹಾಗೆ ಆಗಿತ್ತೇ? ಇದನ್ನೆಲ್ಲ ನಾಲ್ಕು ಜನರ ಎದುರು ಕೇಳಬೇಡಿ. ಒಬ್ಬನನ್ನೇ ಕೂರಿಸಿ ಚಹಾ ಕೊಟ್ಟು ಕೇಳಿದರೆ ನಿಜ ಹೊರಗೆ ಬರುತ್ತದೆ.

ಒಳ್ಳೆ ಓಟಗಾರ, ಕಬಡ್ಡಿ ಆಟಗಾರ ಅಂತ ಯಾರಿಗೂ ವಿನಾಯಿತಿ ಬೇಡ. ಗಟ್ಟಿಮುಟ್ಟಾದವನೇ ಮೊದಲ ದಿನ ಬಿರುಸಾಗಿ ಓಡಾಡಿ ಮೊದಲು ಮಲಗುತ್ತಾನೆ. ಎತ್ತರದ ಕಾಯಿಲೆಗೆ ದೇಹದ ಕಸುವು ಅಡ್ಡ ನಿಲ್ಲುವುದಿಲ್ಲ.

ಹಂತ 2: ಏರುವ ಲೆಕ್ಕ

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ ನೂರಕ್ಕೆ 21ರಷ್ಟೇ. ಕಮ್ಮಿಯಾಗುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಒತ್ತಡ ನಮ್ಮ ಕಡಲ ತೀರದ ಮೂರನೇ ಎರಡು ಪಾಲು. 5,500 ಮೀಟರಿನಲ್ಲಿ ಅರ್ಧ. ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಮ್ಮಿ. ಅದಕ್ಕೆ ಹೊಂದಿಕೊಳ್ಳಲು ದೇಹಕ್ಕೆ ದಿನಗಳು ಬೇಕು.

ಭಾರತೀಯ ಸೇನೆ ಇದನ್ನು ಕಲಿತದ್ದು ಪ್ರಾಣ ತೆತ್ತು. 1962ರ ಚೀನಾ ಯುದ್ಧದ ಕಾಲದಲ್ಲಿ ಬಯಲು ಸೀಮೆಯ ಸೈನಿಕರನ್ನು ಅವಸರದಲ್ಲಿ ಎತ್ತರಕ್ಕೆ ಕಳಿಸಬೇಕಾಯಿತು. ಗುಂಡು ತಗಲದೆಯೂ ಜನ ಬಿದ್ದರು. ಮುಂದೆ ಇಂದರ್ ಸಿಂಗ್ ಮತ್ತು ಜೊತೆಯ ವೈದ್ಯರು 1,925 ಸೈನಿಕರನ್ನು ಗಮನಿಸಿ 1969ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಜಗತ್ತಿನ ಪರ್ವತ ವೈದ್ಯರು ಈಗಲೂ ಉಲ್ಲೇಖಿಸುತ್ತಾರೆ.

ಈಗಿನ ಕ್ರಮ ಮೂರು ಮೆಟ್ಟಿಲಿನದು. 2,700ರಿಂದ 3,600 ಮೀಟರ್‌ವರೆಗೆ ಆರು ದಿನ. 3,600ರಿಂದ 4,500ರವರೆಗೆ ನಾಲ್ಕು ದಿನ. ಅದಕ್ಕಿಂತ ಮೇಲೆ ಇನ್ನೂ ನಾಲ್ಕು. ಒಟ್ಟು ಹದಿನಾಲ್ಕು. ಮೊದಲ ಮೆಟ್ಟಿಲಿನ ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ. ಪಾಯಿಖಾನೆಗೆ, ಊಟಕ್ಕೆ ಎದ್ದು ಹೋದರೆ ಸಾಕು. ಮೂರು ನಾಲ್ಕನೇ ದಿನ ಸಮತಟ್ಟಾದ ಕಡೆ ನಿಧಾನದ ನಡಿಗೆ. ಐದು ಆರನೇ ದಿನ ಸ್ವಲ್ಪ ಏರು. ಭಾರ ಹೊರುವುದು ಮುಂದಿನ ಮಾತು.

ಪೋಸ್ಟಿಗೆ ಜನ ತುರ್ತಾಗಿ ಬೇಕು ಅಂದಾಗ ಮೊದಲು ಕತ್ತರಿ ಬೀಳುವುದು ಈ ದಿನಗಳಿಗೇ. ದಿನ ಎಣಿಸುವ ಕಾಗದ ನಿಮ್ಮ ಕೈಯಲ್ಲಿ ಇರಲಿ. ಪ್ರತಿಯೊಬ್ಬನ ಹೆಸರಿನ ಮುಂದೆ ಬಂದ ತಾರೀಕು, ಎತ್ತರ ಬರೆದಿಡಿ. ಬಾಯಿಮಾತಿನಲ್ಲಿ ಆಗದ ವಾದವನ್ನು ಕಾಗದ ಗೆಲ್ಲುತ್ತದೆ.

ಇನ್ನೊಂದು ಮರೆತುಹೋಗುವ ಸಂಗತಿ. ರಜೆಗೆ ಹೋಗಿ ಬಂದ ಹಳಬನೂ ಹೊಸಬನೇ. ನಾಲ್ಕು ವಾರಕ್ಕಿಂತ ಜಾಸ್ತಿ ಕೆಳಗಿದ್ದರೆ ಹದಿನಾಲ್ಕು ದಿನವನ್ನೂ ಮೊದಲಿನಿಂದ ಮಾಡಬೇಕು. ಹತ್ತು ದಿನದಿಂದ ನಾಲ್ಕು ವಾರದೊಳಗೆ ಬಂದವನಿಗೆ ಮೊಟಕು ಮಾಡಿದ ಕ್ರಮವಿದೆ. ‘ನಾನು ಎರಡು ವರ್ಷದಿಂದ ಇಲ್ಲೇ ಇರುವವನಲ್ವಾ’ ಅನ್ನುವವನ ಮೇಲೆ ಒಂದು ಕಣ್ಣು ಹೆಚ್ಚಿಗೆ ಇಡಿ.

ಹಂತ 3: ಚೀಲ

ಚೀಲದಲ್ಲಿ ಏನಿದೆ ಅನ್ನುವುದಕ್ಕಿಂತ ಅದು ಹೆಪ್ಪುಗಟ್ಟಿದೆಯೇ ಇಲ್ಲವೇ ಅನ್ನುವುದು ಮುಖ್ಯ. ಮೈನಸ್ 20 ಡಿಗ್ರಿಯಲ್ಲಿ ಇಂಜೆಕ್ಷನ್ ಆಂಪೂಲ್ ಒಳಗಿನ ಮದ್ದು ಮಂಜಾಗಿ ಗಾಜು ಬಿರಿಯುತ್ತದೆ. ಡ್ರಿಪ್ ಬಾಟಲಿ ಕಲ್ಲಿನ ಹಾಗಾಗುತ್ತದೆ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕರಗಿಸಿ ಬಳಸುವ ಹಾಗಿಲ್ಲ, ಎಸೆಯಬೇಕು. ಟಾರ್ಚು, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್‌ಗಳ ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ.

ಪರಿಹಾರ ಸರಳ. ಜೀವ ಉಳಿಸುವ ನಾಲ್ಕೈದು ಮದ್ದನ್ನು ಸಣ್ಣ ಪೊಟ್ಟಣ ಮಾಡಿ ಒಳ ಅಂಗಿಯ ಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳಿ. ರಾತ್ರಿ ಅದು ನಿಮ್ಮ ಜೊತೆ ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಲಿ. ಅದರಲ್ಲಿ ಡೆಕ್ಸಾಮೆಥಾಸೋನ್ (ಮೆದುಳಿನ ಊತಕ್ಕೆ), ನಿಫೆಡಿಪಿನ್ (ಶ್ವಾಸಕೋಶದಲ್ಲಿ ನೀರು ತುಂಬಿದಾಗ), ಡಯಾಮಾಕ್ಸ್, ನೋವಿನ ಮದ್ದು, ಅಲರ್ಜಿಯ ಇಂಜೆಕ್ಷನ್ ಇರಬೇಕು. ಚೀಲದಲ್ಲಿ ಟೂರ್ನಿಕೆಟ್ (ರಕ್ತ ಸೋರದಂತೆ ಕೈಕಾಲಿಗೆ ಬಿಗಿಯುವ ಪಟ್ಟಿ), ಒತ್ತುಪಟ್ಟಿ, ಗಾಜ್ ಬಟ್ಟೆ, ಥರ್ಮಾಮೀಟರ್, ಸ್ಟೆತಸ್ಕೋಪ್, ಆಕ್ಸಿಮೀಟರ್, ಬೇರೆ ಬ್ಯಾಟರಿ, ಬೆಚ್ಚಗಿನ ಪೊಟ್ಟಣಗಳು, ಪ್ಲಾಸ್ಟಿಕ್ ಹಾಳೆ, ಪೆನ್ಸಿಲ್. ಪೆನ್ನಿನ ಶಾಯಿ ಚಳಿಗೆ ಕಟ್ಟಿಕೊಳ್ಳುತ್ತದೆ, ಪೆನ್ಸಿಲ್ ಬರೆಯುತ್ತದೆ.

ದಪ್ಪ ಗ್ಲೌಸ್ ಹಾಕಿಕೊಂಡು ಕತ್ತಲಲ್ಲಿ ಚೀಲ ತೆರೆದು ಟೂರ್ನಿಕೆಟ್ ತೆಗೆಯುವ ಅಭ್ಯಾಸ ಮಾಡಿ. ಸ್ಟ್ರೆಚರ್ ಹೊರುವುದನ್ನು ಪೊಸಡಿಗುಂಪೆಯ ಇಳಿಜಾರಿನಲ್ಲೇ ಕಲಿಯಬಹುದು. ಅಲ್ಲಿ ಎತ್ತರ ಸಿಗುವುದಿಲ್ಲ ನಿಜ. ಆದರೆ ನಾಲ್ಕು ಜನ ಒಬ್ಬನನ್ನು ಹೊತ್ತು ಜಾರುವ ಮುಳಿಹುಲ್ಲಿನ ಮೇಲೆ ಇಳಿಯುವುದು ಎಷ್ಟು ಕಷ್ಟ ಅಂತ ಕಾಲು ಕಲಿಯುತ್ತದೆ.

ಹಂತ 4: ದಿನಕ್ಕೆರಡು ಸುತ್ತು

ಬೆಳಗ್ಗೆ ಒಂದು, ರಾತ್ರಿ ಮಲಗುವ ಮುಂಚೆ ಒಂದು. ಇದನ್ನು ತಪಾಸಣೆ ಅಂತ ಕರೆಯಬೇಡಿ. ಚಹಾದ ಹೊತ್ತಿನಲ್ಲಿ ಎಲ್ಲರ ಹತ್ತಿರ ಹೋಗಿ ಮಾತಾಡಿಸಿದರೆ ಸಾಕು. ‘ಹುಷಾರಿದ್ದೀಯಾ?’ ಅಂತ ಮಾತ್ರ ಕೇಳಬೇಡಿ. ಹುಷಾರಿದ್ದೇನೆ ಅಂತಲೇ ಉತ್ತರ ಬರುತ್ತದೆ. ‘ರಾತ್ರಿ ಎಷ್ಟು ಸಲ ಎದ್ದೆ? ರೊಟ್ಟಿ ಎಷ್ಟು ತಿಂದೆ? ಮೂತ್ರದ ಬಣ್ಣ ಹೇಗಿತ್ತು?’ ಅಂತ ಕೇಳಿ. ತಟ್ಟೆಯಲ್ಲಿ ಊಟ ಬಿಟ್ಟವನನ್ನು ಗಮನಿಸಿ. ತಮಾಷೆ ಮಾಡುವವನು ಸುಮ್ಮನಾಗಿದ್ದರೆ ಗಮನಿಸಿ. ಶೂ ಲೇಸು ಕಟ್ಟಿಕೊಳ್ಳದೆ ಓಡಾಡುವವನನ್ನು ಗಮನಿಸಿ.

ನಮ್ಮೂರಿನವರಿಗೆ ಇಲ್ಲಿ ಒಂದು ಅನುಕೂಲ ಇದೆ. ಕನ್ನಡ, ತುಳು, ಮಲಯಾಳ ಮೂರೂ ಬರುತ್ತದೆ, ಹಿಂದಿ ಸೇನೆಯಲ್ಲಿ ಬಂದೇ ಬರುತ್ತದೆ. ಹಿಂದಿಯಲ್ಲಿ ‘ಠೀಕ್ ಹೂಂ’ ಅಂದವನು ಮಲಯಾಳದಲ್ಲಿ ಕೇಳಿದರೆ ರಾತ್ರಿಯಿಡೀ ತಲೆ ಸಿಡಿದ ಕಥೆ ಹೇಳುತ್ತಾನೆ. ಮಾತು ತೊದಲುವುದು, ಉತ್ತರ ತಡವಾಗುವುದು ಕೂಡ ಅವನದೇ ಭಾಷೆಯಲ್ಲಿ ಮಾತಾಡಿದರೆ ಬೇಗ ಗೊತ್ತಾಗುತ್ತದೆ.

ಆಕ್ಸಿಮೀಟರ್ ಬಗ್ಗೆ ಒಂದು ಎಚ್ಚರಿಕೆ. ತಣ್ಣಗಿನ ಬೆರಳಿಗೆ ಸಿಕ್ಕಿಸಿದರೆ ಅದು ತಪ್ಪು ಹೇಳುತ್ತದೆ. ಮೊದಲು ಆ ಕೈಯನ್ನು ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಿಸಿ, ಒಂದು ನಿಮಿಷ ಕಾದು ಅಂಕಿ ನಿಂತ ಮೇಲೆ ಓದಿ. ಲೇಹ್‌ನ ಎತ್ತರದಲ್ಲಿ ಆರೋಗ್ಯವಂತನಿಗೂ 90ರ ಆಸುಪಾಸು ಬರುತ್ತದೆ. ಹೊಸಬನಿಗೆ ಇನ್ನೂ ಕಮ್ಮಿ. ಊರಿನ 98ನ್ನು ಮನಸ್ಸಿನಲ್ಲಿಟ್ಟುಕೊಂಡು ಗಾಬರಿಯಾಗಬೇಡಿ. ಜೊತೆಯವರಿಗೆಲ್ಲ 88 ಇದ್ದು ಒಬ್ಬನಿಗೆ 74 ಬಂದರೆ ಅವನ ಹತ್ತಿರ ಕೂರಿ.

ರಾತ್ರಿ ನಿದ್ದೆಯಲ್ಲಿ ಉಸಿರು ಏರಿ ಏರಿ, ಆಮೇಲೆ ಕೆಲವು ಸೆಕೆಂಡ್ ನಿಂತು, ಮತ್ತೆ ಶುರುವಾಗುವುದು ಎತ್ತರದಲ್ಲಿ ಸಾಮಾನ್ಯ. ಪಕ್ಕದವನು ಹೆದರಿ ನಿಮ್ಮನ್ನು ಎಬ್ಬಿಸಬಹುದು. ಬೇರೆ ಲಕ್ಷಣ ಇಲ್ಲದಿದ್ದರೆ ಮಲಗಲು ಬಿಡಿ. ಆದರೆ ನಿದ್ದೆ ಮಾತ್ರೆ, ಮದ್ಯ ಎರಡೂ ಬೇಡ. ಎರಡೂ ಉಸಿರನ್ನು ಇನ್ನಷ್ಟು ಕುಗ್ಗಿಸುತ್ತವೆ.

ಹಂತ 5: ತಲೆನೋವು ಅಂದಾಗ

ಎತ್ತರಕ್ಕೆ ಬಂದು ಆರರಿಂದ ಹನ್ನೆರಡು ಗಂಟೆಯಲ್ಲಿ ತಲೆನೋವು, ಜೊತೆಗೆ ವಾಕರಿಕೆ, ಸುಸ್ತು, ತಲೆ ಸುತ್ತು ಶುರುವಾದರೆ ಬೇರೆ ಕಾರಣ ಸಿಗುವವರೆಗೆ ಅದು ಎತ್ತರದ ಕಾಯಿಲೆಯೇ. ಮೇಲೆ ಹೋಗುವುದನ್ನು ಅಲ್ಲಿಗೇ ನಿಲ್ಲಿಸಿ. ವಿಶ್ರಾಂತಿ, ನೀರು, ತಲೆನೋವಿನ ಮಾತ್ರೆ. ಡಯಾಮಾಕ್ಸ್ 250 ಮಿಲಿಗ್ರಾಂ ದಿನಕ್ಕೆರಡು ಸಲ. ಮುನ್ನೆಚ್ಚರಿಕೆಗಾದರೆ 125 ಸಾಕು. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರ ಹೆಚ್ಚಾಗುತ್ತದೆ ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ.

ಒಂದು ದಿನದಲ್ಲಿ ಕಮ್ಮಿಯಾದರೆ ಒಳ್ಳೆಯದು. ಹೆಚ್ಚುತ್ತಾ ಹೋದರೆ ಕೆಳಗೆ ಇಳಿಸಿ. ತಲೆನೋವಿನ ಮಾತ್ರೆ ನುಂಗಿ ‘ಈಗ ಸರಿಯಾಯ್ತು’ ಅಂತ ಮೇಲೆ ಹೊರಟವನೇ ನಾಳೆ ನಿಮ್ಮ ಸ್ಟ್ರೆಚರ್ ಮೇಲಿರುತ್ತಾನೆ.

ಇನ್ನು ಬುಖಾರಿ ವಿಷಯ. ಬಂಕರ್ ಬೆಚ್ಚಗಿಡುವ ಆ ಸೀಮೆಎಣ್ಣೆ ಒಲೆ ಇಲ್ಲದೆ ಅಲ್ಲಿ ಬದುಕಿಲ್ಲ. ಆದರೆ ಹಿಮ ಬಿದ್ದು ಹೊಗೆ ಕೊಳವೆ ಮುಚ್ಚಿದರೆ, ಚಳಿ ಅಂತ ಎಲ್ಲ ಸಂದು ಬಿಗಿದರೆ, ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ. ಲಕ್ಷಣ ಎತ್ತರದ ಕಾಯಿಲೆಯದ್ದೇ: ತಲೆನೋವು, ವಾಕರಿಕೆ, ಮಂಕು. ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ವಿಷಗಾಳಿ ಹಿಡಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತ ಅಂತಲೇ ಓದಿ ಒಳ್ಳೆಯ ಅಂಕಿ ತೋರಿಸುತ್ತದೆ. ಒಂದೇ ಬಂಕರಿನ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ, ಹೊರಗೆ ಬಂದ ಕೂಡಲೇ ಕಮ್ಮಿಯಾದರೆ, ಮಾತ್ರೆ ಹುಡುಕಬೇಡಿ. ಎಲ್ಲರನ್ನೂ ಹೊರಗೆಳೆಯಿರಿ, ಒಲೆ ಆರಿಸಿ, ಆಮ್ಲಜನಕ ಕೊಡಿ. ಮಲಗುವಾಗ ಬುಖಾರಿ ಆರಿಸುವುದು, ಗಾಳಿ ಕಿಂಡಿ ತೆರೆದಿಡುವುದು, ಬೆಳಗ್ಗೆ ಕೊಳವೆಯ ಹಿಮ ತೆಗೆಯುವುದು ನಿಮ್ಮ ಸುತ್ತಿನ ಭಾಗವಾಗಲಿ.

ಹಂತ 6: ಹಾಪೊ

ಸೇನೆಯಲ್ಲಿ ಎಲ್ಲರ ಬಾಯಲ್ಲಿರುವ ಹೆಸರು ಇದು. ಎತ್ತರದಿಂದಾಗಿ ಶ್ವಾಸಕೋಶದಲ್ಲಿ ನೀರು ತುಂಬುವುದು. ಎತ್ತರದಲ್ಲಿ ಜಾಸ್ತಿ ಪ್ರಾಣ ತೆಗೆಯುವ ಕಾಯಿಲೆಯೂ ಇದೇ.

ಆಮ್ಲಜನಕ ಕಮ್ಮಿಯಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ. ಎಲ್ಲವೂ ಒಂದೇ ಸಮ ಬಿಗಿಯುವುದಿಲ್ಲ. ಬಿಗಿಯದ ಕಡೆ ರಕ್ತದ ಒತ್ತಡ ವಿಪರೀತ ಏರಿ, ಸಣ್ಣ ನಾಳಗಳ ಗೋಡೆಯಿಂದ ನೀರು ಗಾಳಿಗೂಡುಗಳಿಗೆ ಜಿನುಗುತ್ತದೆ. ಹೃದಯ ಸೋತು ಆಗುವುದಲ್ಲ ಇದು. ಆದ್ದರಿಂದಲೇ ಹೃದಯದ ಕಾಯಿಲೆಗೆ ಕೊಡುವ ಮೂತ್ರ ಹೆಚ್ಚಿಸುವ ಇಂಜೆಕ್ಷನ್ ಇಲ್ಲಿ ಬೇಡ. ಮೊದಲೇ ನೀರು ಕಮ್ಮಿಯಾದ ಮೈಯನ್ನು ಇನ್ನಷ್ಟು ಒಣಗಿಸುತ್ತದೆ.

ಬರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನ, ಹೆಚ್ಚಾಗಿ ರಾತ್ರಿ. ಮೊದಲ ಗುರುತು ಬಹಳ ಸಣ್ಣದು: ನಿನ್ನೆ ಸಲೀಸಾಗಿ ಹತ್ತಿದ ನಾಲ್ಕು ಮೆಟ್ಟಿಲಿಗೆ ಇವತ್ತು ನಿಲ್ಲುತ್ತಾನೆ. ಆಮೇಲೆ ಒಣ ಕೆಮ್ಮು. ಆಮೇಲೆ ಕೂತಲ್ಲೇ ಏದುಸಿರು. ಮಲಗಿದರೆ ಜಾಸ್ತಿ, ಆದ್ದರಿಂದ ಗೋಡೆಗೆ ಒರಗಿ ಕೂತಿರುತ್ತಾನೆ. ತುಟಿ, ಉಗುರು ನೀಲಿ. ಗುಲಾಬಿ ಬಣ್ಣದ ನೊರೆ ಕಫ ಬಂದರೆ ತುಂಬಾ ತಡವಾಗಿದೆ ಅಂತ ಅರ್ಥ. ಅದನ್ನು ಕಾಯುತ್ತಾ ಕೂರಬೇಡಿ.

ಅನುಮಾನ ಬಂದವನ ಪಕ್ಕ ಕೂತು, ಗಡಿಯಾರ ನೋಡುತ್ತಾ, ಅವನಿಗೆ ಗೊತ್ತಾಗದ ಹಾಗೆ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಗೊತ್ತಾದರೆ ಉಸಿರು ಹಿಡಿದುಬಿಡುತ್ತಾನೆ. ವಿಶ್ರಾಂತಿಯಲ್ಲೂ ಇಪ್ಪತ್ತಕ್ಕಿಂತ ಜಾಸ್ತಿ ಉಸಿರು, ನೂರಕ್ಕಿಂತ ಜಾಸ್ತಿ ನಾಡಿ ಇದ್ದರೆ ಅಂಗಿ ಬಿಚ್ಚಿಸಿ ಎದೆಗೆ ಸ್ಟೆತಸ್ಕೋಪ್ ಇಡಿ. ಲೋಹದ ಬಿಲ್ಲೆಯನ್ನು ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಿ. ಹೆಚ್ಚಾಗಿ ಬಲಗಡೆ ಕಂಕುಳ ಕೆಳಗೆ ಮೊದಲು ಚರಚರ ಸದ್ದು ಕೇಳುತ್ತದೆ.

ಕೇಳಿದರೆ ಹೀಗೆ ಮಾಡಿ. ಅವನನ್ನು ಒಂದು ಹೆಜ್ಜೆಯೂ ನಡೆಸಬೇಡಿ. ಬೆನ್ನಿಗೆ ಆನಿಕೆ ಕೊಟ್ಟು ಕೂರಿಸಿ. ಬೆಚ್ಚಗೆ ಹೊದಿಸಿ, ಯಾಕೆಂದರೆ ಚಳಿಯೂ ಆ ರಕ್ತನಾಳಗಳನ್ನು ಬಿಗಿಯುತ್ತದೆ. ಆಮ್ಲಜನಕ ಹಾಕಿ, ಆಕ್ಸಿಮೀಟರ್ 90 ದಾಟುವಂತೆ ನೋಡಿಕೊಳ್ಳಿ. ವೈರ್‌ಲೆಸ್‌ನಲ್ಲಿ ಆರ್‌ಎಂಒಗೆ ತಿಳಿಸಿ. ಇಳಿಸುವ ತಯಾರಿ ಶುರು ಮಾಡಿ. ಸಾವಿರ ಮೀಟರ್ ಇಳಿಸಿದರೆ ಬಹಳ ಮಟ್ಟಿಗೆ ಚೇತರಿಸಿಕೊಳ್ಳುತ್ತಾನೆ. ಆಮ್ಲಜನಕ ಇಲ್ಲ, ಇಳಿಸಲೂ ಆಗುತ್ತಿಲ್ಲ ಅಂದಾಗ ನಿಫೆಡಿಪಿನ್, ನಿಧಾನವಾಗಿ ಬಿಡುಗಡೆಯಾಗುವ 30 ಮಿಲಿಗ್ರಾಂ ಮಾತ್ರೆ, ಹನ್ನೆರಡು ಗಂಟೆಗೊಮ್ಮೆ. ಬಿಪಿ ನೋಡಿಯೇ ಕೊಡಿ.

ಹಿಮಗಾಳಿ ಬೀಸುತ್ತಾ ಹೆಲಿಕಾಪ್ಟರ್ ಬರದಿದ್ದರೆ ಹಾಪೊ ಬ್ಯಾಗ್ ಇದೆ. ಮನುಷ್ಯ ಒಳಗೆ ಮಲಗುವಷ್ಟು ದೊಡ್ಡ, ಗಾಳಿಯಾಡದ ಚೀಲ. ಕಾಲಿನ ಪಂಪಿನಿಂದ ಗಾಳಿ ತುಂಬಿದರೆ ಒಳಗಿನ ಒತ್ತಡ ಏರಿ, ಒಳಗಿದ್ದವನ ಮಟ್ಟಿಗೆ ಒಂದೂವರೆ ಎರಡು ಸಾವಿರ ಮೀಟರ್ ಕೆಳಗಿಳಿದ ಹಾಗಾಗುತ್ತದೆ. ತಲೆಯ ಕಡೆ ಎತ್ತರಿಸಿ ಇಡಿ, ಮಟ್ಟಸವಾಗಿ ಮಲಗಿದರೆ ಅವನಿಗೆ ಉಸಿರು ಕಟ್ಟುತ್ತದೆ. ಒತ್ತಡ ಏರುವಾಗ ಕಿವಿ ಕಟ್ಟುತ್ತದೆ, ಉಗುಳು ನುಂಗುತ್ತಾ ಇರು ಅಂತ ಮೊದಲೇ ಹೇಳಿ. ಒತ್ತಡ ಏರಿದ ಮೇಲೂ ಪಂಪ್ ನಿಲ್ಲಿಸುವ ಹಾಗಿಲ್ಲ, ಅವನು ಬಿಟ್ಟ ಉಸಿರು ಹೊರಗೆ ಹೋಗಬೇಕಲ್ವಾ. ಸರದಿಯ ಮೇಲೆ ಜನ ಇರಲಿ. ಕಿಟಕಿಯಿಂದ ಅವನ ಮುಖ ನೋಡುತ್ತಾ ಮಾತಾಡಿಸುತ್ತಾ ಇರಿ. ಗಂಟೆ ಕಳೆದು ಹೊರಗೆ ಬಂದಾಗ ಗೆಲುವಾಗಿರುತ್ತಾನೆ. ಆದರೆ ಆ ಗೆಲುವು ಕೆಲವೇ ಗಂಟೆಯದ್ದು. ಅಷ್ಟರಲ್ಲಿ ಇಳಿಸಬೇಕು.

ಹಂತ 7: ಮೆದುಳಿಗೆ ಏರಿದಾಗ

ಎತ್ತರದ ಕಾಯಿಲೆ ಹದಗೆಟ್ಟು ಮೆದುಳು ಊದಿಕೊಳ್ಳುವುದಕ್ಕೆ ಹಾಕೊ ಅನ್ನುತ್ತಾರೆ. ಇದು ಅಪರೂಪ, ಆದರೆ ಒಂದೇ ದಿನದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಕುಡಿದವನ ನಡಿಗೆ ಇದರ ಮೊದಲ ಗುರುತು.

ಹಿಮದ ಮೇಲೆ ಕೋಲಿನಿಂದ ನೇರ ಗೆರೆ ಎಳೆಯಿರಿ. ಒಂದು ಪಾದದ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗುವ ಹಾಗೆ ಹತ್ತು ಹೆಜ್ಜೆ ನಡೆಯಲು ಹೇಳಿ. ಪಕ್ಕದಲ್ಲೇ ನಿಲ್ಲಿ, ಬಿದ್ದರೆ ಹಿಡಿಯಬೇಕು. ಮೊದಲು ಆರೋಗ್ಯವಾಗಿರುವ ಒಬ್ಬನನ್ನು ಅದೇ ಗೆರೆಯ ಮೇಲೆ ನಡೆಸಿ. ದಪ್ಪ ಬೂಟಿನಲ್ಲಿ ಯಾರಿಗಾದರೂ ಸ್ವಲ್ಪ ಓಲಾಟ ಇದ್ದೇ ಇರುತ್ತದೆ, ಹೋಲಿಕೆಗೆ ಅವನು ಬೇಕು. ಗೆರೆ ಬಿಟ್ಟು ಹೋದರೆ, ತಿರುಗುವಾಗ ತತ್ತರಿಸಿದರೆ, ಮಾತು ಅಸಂಬದ್ಧವಾದರೆ, ಸುಮ್ಮನೆ ಕೂಗಾಡಿದರೆ ಕಾಯಬೇಡಿ. ಡೆಕ್ಸಾಮೆಥಾಸೋನ್ 8 ಮಿಲಿಗ್ರಾಂ, ಆಮೇಲೆ ಆರು ಗಂಟೆಗೊಮ್ಮೆ 4. ಆಮ್ಲಜನಕ. ಇಳಿಸುವುದು. ಅವನನ್ನು ಒಬ್ಬನೇ ಬಿಡಬೇಡಿ, ಬಂದೂಕನ್ನು ನಯವಾಗಿ ತೆಗೆದಿಡಿ.

ಹಂತ 8: ಚಳಿ

ಮೈಯ ಶಾಖ 35 ಡಿಗ್ರಿಗಿಂತ ಇಳಿದರೆ ಗಂಡಾಂತರ ಶುರು. ನಡುಗುತ್ತಿದ್ದಾನೆ, ಮಾತಾಡುತ್ತಿದ್ದಾನೆ ಅಂದರೆ ಇನ್ನೂ ಸಮಯವಿದೆ. 32ರ ಕೆಳಗೆ ಹೋದಾಗ ನಡುಕ ನಿಲ್ಲುತ್ತಾ ಬರುತ್ತದೆ. ನಡುಕ ನಿಂತದ್ದನ್ನು ‘ಸುಧಾರಿಸಿದ’ ಅಂತ ತಿಳಿಯುವುದು ಪೋಸ್ಟ್‌ಗಳಲ್ಲಿ ಪದೇಪದೇ ಆಗುವ ತಪ್ಪು.

ಒದ್ದೆ ಬಟ್ಟೆಯನ್ನು ಗಾಳಿಯಿಲ್ಲದ ಕಡೆ ತೆಗೆಯಿರಿ, ಬೇಕಾದರೆ ಕತ್ತರಿಸಿ. ಕೆಳಗೆ ದಪ್ಪ ಮ್ಯಾಟ್, ಯಾಕೆಂದರೆ ನೆಲ ಶಾಖವನ್ನು ಹೀರುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಸ್ಲೀಪಿಂಗ್ ಬ್ಯಾಗ್. ಬಿಸಿನೀರಿನ ಬಾಟಲಿಗಳನ್ನು ಬಟ್ಟೆ ಸುತ್ತಿ ಎದೆಗೆ, ಕಂಕುಳಿಗೆ ಇಡಿ. ಕೈಕಾಲು ತಿಕ್ಕಬೇಡಿ. ಎಚ್ಚರವಾಗಿದ್ದು ತಾನೇ ಲೋಟ ಹಿಡಿದು ಕುಡಿಯುವ ಹಾಗಿದ್ದರೆ ಸಕ್ಕರೆ ಜಾಸ್ತಿ ಹಾಕಿದ ಬೆಚ್ಚಗಿನ ಚಹಾ ಕೊಡಿ. ರಮ್ ಬೇಡ. ಒಳಗೆ ಬೆಚ್ಚಗಾದ ಹಾಗೆ ಅನ್ನಿಸುತ್ತದೆ, ನಿಜಕ್ಕೂ ಚರ್ಮದ ಮೂಲಕ ಶಾಖ ಸೋರಿಹೋಗುತ್ತದೆ.

ತುಂಬಾ ತಣ್ಣಗಾದವನನ್ನು ಅಡ್ಡ ಮಲಗಿಸಿಯೇ ಸಾಗಿಸಿ, ಮೆಲ್ಲಗೆ ಎತ್ತಿ. ಒರಟಾಗಿ ಎತ್ತಿ ಹಾಕಿದರೆ ಹೃದಯದ ಬಡಿತ ತಪ್ಪಿ ನಿಂತೇ ಹೋಗಬಹುದು. ನಾಡಿ ಸಿಗಲಿಲ್ಲ ಅಂತ ಕೂಡಲೇ ಕೈಬಿಡಬೇಡಿ, ಒಂದು ನಿಮಿಷ ಪೂರ್ತಿ ಕತ್ತಿನಲ್ಲಿ ಹುಡುಕಿ. 1999ರಲ್ಲಿ ನಾರ್ವೆಯಲ್ಲಿ ಹಿಮದಡಿಯ ನೀರಿನಲ್ಲಿ ಸಿಕ್ಕಿಬಿದ್ದ ಆನಾ ಬೋಗನ್‌ಹೋಮ್ ಎಂಬ ವೈದ್ಯೆಯ ಮೈಶಾಖ 13.7 ಡಿಗ್ರಿಗೆ ಇಳಿದಿತ್ತು. ಅವರು ಬದುಕಿ ಮತ್ತೆ ಕೆಲಸಕ್ಕೆ ಹೋದರು.

ಹಿಮಪಾತದ ಲೆಕ್ಕ ಬೇರೆ. ಹಿಮದಡಿ ಹೂತವನು ಹೆಚ್ಚಾಗಿ ಸಾಯುವುದು ಉಸಿರು ಕಟ್ಟಿ. ಮೊದಲ ಕಾಲು ಗಂಟೆಯಲ್ಲಿ ತೆಗೆದರೆ ಬದುಕುವ ಅವಕಾಶ ಹೆಚ್ಚು, ಆಮೇಲೆ ದಡದಡನೆ ಇಳಿಯುತ್ತದೆ. ಹಾಗಾಗಿ ದೂರದ ಸಹಾಯಕ್ಕೆ ಕಾಯದೆ ಸ್ಥಳದಲ್ಲಿದ್ದವರೇ ಅಗೆಯಬೇಕು. ಮುಖ ಸಿಕ್ಕ ಕೂಡಲೇ ಬಾಯಿ ಮೂಗಿನ ಹಿಮ ತೆಗೆಯಿರಿ, ಉಳಿದ ಮೈ ಆಮೇಲೆ. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಯಾವ ಕನ್ನಡಿಗನೂ ಮರೆತಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಪೋಸ್ಟಿನಲ್ಲಿ ಹತ್ತು ಜನ ಹೂತುಹೋದರು. ಆರು ದಿನದ ಹುಡುಕಾಟದಲ್ಲಿ ಅವರೊಬ್ಬರು ಜೀವಂತ ಸಿಕ್ಕರು, 11ರಂದು ದೆಹಲಿಯಲ್ಲಿ ತೀರಿಕೊಂಡರು. ಲೆಕ್ಕ ಏನೇ ಹೇಳಲಿ, ಹುಡುಕುವುದನ್ನು ನಿಲ್ಲಿಸುವ ತೀರ್ಮಾನ ಸುಲಭದ್ದಲ್ಲ ಅಂತ ಹೇಳಲು ಇದು ಸಾಕು.

ಈಗ ಬೆರಳುಗಳು. ಹಿಮಕಡಿತ ಕಾಲ್ಬೆರಳು, ಕೈಬೆರಳು, ಮೂಗು, ಕಿವಿಗೆ ಬರುತ್ತದೆ. ಮೊದಲು ಉರಿ, ಆಮೇಲೆ ಜೋಮು, ಆಮೇಲೆ ಏನೂ ಇಲ್ಲ. ‘ನೋವು ಹೋಯ್ತು’ ಅನ್ನುವವನ ಬೂಟು ಬಿಚ್ಚಿಸಿ. ಬೆರಳು ಬಿಳಿಯಾಗಿ, ಮೇಣದ ಹಾಗೆ ಗಟ್ಟಿಯಾಗಿದ್ದರೆ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಕರಗಿಸಿದ ಮೇಲೆ ಇದು ಮತ್ತೆ ಹೆಪ್ಪುಗಟ್ಟುವ ಸಂಭವ ಇದೆಯೇ? ಇದ್ದರೆ ಮುಟ್ಟಬೇಡಿ, ಬೆಚ್ಚಗಿನ ಜಾಗ ತಲುಪುವವರೆಗೆ ಹಾಗೆಯೇ ಇರಲಿ. ಕರಗಿ ಮತ್ತೆ ಹೆಪ್ಪುಗಟ್ಟಿದ ಬೆರಳು ಉಳಿಯುವುದು ಕಷ್ಟ.

ಜಾಗ ಸರಿಯಿದ್ದರೆ 37ರಿಂದ 39 ಡಿಗ್ರಿ ನೀರು ಕಾಯಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ನಿಮ್ಮ ಮೊಣಕೈ ಅದ್ದಿ ನೋಡಿ, ಎಳೆ ಮಗುವನ್ನು ಮೀಯಿಸುವ ನೀರಿನ ಬಿಸಿ ಸಾಕು. ಅವನ ಕೈಯಿಂದ ನೋಡಿಸಬೇಡಿ, ಅದಕ್ಕೆ ಸುಡುವುದೇ ಗೊತ್ತಾಗುವುದಿಲ್ಲ. ಬೆರಳು ಪಾತ್ರೆಯ ಬದಿಗೆ ತಾಗದಂತೆ ಅರ್ಧ ಗಂಟೆ ಮುಳುಗಿಸಿಡಿ. ನೀರು ಬೇಗ ಆರುತ್ತದೆ, ಬಿಸಿ ನೀರು ಸೇರಿಸುವಾಗ ಕಾಲು ಹೊರಗೆ ತೆಗೆದು ಕಲಸಿ ಮತ್ತೆ ಇಳಿಸಿ. ಚರ್ಮ ಮೆತ್ತಗಾಗಿ ಕೆಂಪು ಇಲ್ಲವೇ ನೇರಳೆ ಬಣ್ಣಕ್ಕೆ ತಿರುಗಿದರೆ ಕರಗಿದೆ ಅಂತ ಅರ್ಥ. ಆಗ ನೋವು ಭಯಂಕರ, ಗಟ್ಟಿ ಗಂಡಸರೂ ಕೂಗುತ್ತಾರೆ. ನೋವಿನ ಮದ್ದು ಮೊದಲೇ ಕೊಟ್ಟಿರಿ. ಐಬುಪ್ರೊಫೇನ್ 400 ಮಿಲಿಗ್ರಾಂ ದಿನಕ್ಕೆರಡು ಸಲ ಕೊಡುವುದು ನೋವಿಗೆ ಮಾತ್ರವಲ್ಲ, ಬೆರಳಿನ ಊತಕ್ಕೂ. ಆಮೇಲೆ ಒತ್ತಿ ಒರೆಸದೆ ಗಾಳಿಗೆ ಆರಿಸಿ, ಬೆರಳ ನಡುವೆ ಗಾಜ್ ಬಟ್ಟೆ ಇಟ್ಟು ಸಡಿಲವಾಗಿ ಕಟ್ಟಿ. ಲೋಳೆಸರದ ಲೇಪ ಹಚ್ಚಬಹುದು, ದೊಡ್ಡ ಆಸ್ಪತ್ರೆಗಳಲ್ಲೂ ಹಚ್ಚುತ್ತಾರೆ. ರಕ್ತ ತುಂಬಿದ ಗುಳ್ಳೆ ಒಡೆಯಬೇಡಿ. ಟಿಟಿ ಕೊಡಿ. ಬೆಂಕಿಗೆ ಕಾಲು ಹಿಡಿಯುವುದು, ಹಿಮದಿಂದ ತಿಕ್ಕುವುದು ಹಳೆ ಕಾಲದ ಅನಾಹುತಗಳು. ಕರಿಗಟ್ಟಿದ ಬೆರಳನ್ನು ಕತ್ತರಿಸುವ ತೀರ್ಮಾನಕ್ಕೆ ವೈದ್ಯರೂ ವಾರಗಟ್ಟಲೆ ಕಾಯುತ್ತಾರೆ ಅಂತ ಹುಡುಗನಿಗೆ ಹೇಳಿ. ಅದು ನಿಜ, ಧೈರ್ಯವೂ ಬರುತ್ತದೆ.

ಒದ್ದೆ ಸಾಕ್ಸ್ ದಿನಾ ಬದಲಿಸುವುದು, ಬಿಗಿ ಬೂಟು ಹಾಕದಿರುವುದು, ಜೋಡಿಯಾಗಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು. ಇಷ್ಟು ಮಾಡಿಸಿದರೆ ಬಿಸಿನೀರಿನ ಕೆಲಸ ಬಹಳಷ್ಟು ತಪ್ಪುತ್ತದೆ.

ಕಣ್ಣಿನ ಬಗ್ಗೆ ಎರಡೇ ಮಾತು. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣದ ಬಹುಪಾಲನ್ನು ವಾಪಸ್ ಎರಚುತ್ತದೆ. ಮೋಡ ಇದ್ದರೂ ಕನ್ನಡಕ ಬೇಕು. ಮರಳು ಬಿದ್ದ ಹಾಗೆ ಕಣ್ಣುರಿ ಸಂಜೆ ಶುರುವಾದರೆ ಕತ್ತಲಲ್ಲಿ ಮಲಗಿಸಿ, ತಣ್ಣೀರ ಬಟ್ಟೆ ಇಟ್ಟು ನೋವಿನ ಮಾತ್ರೆ ಕೊಡಿ. ಎರಡು ಮೂರು ದಿನದಲ್ಲಿ ತಾನೇ ಸರಿಯಾಗುತ್ತದೆ. ಮರಗಟ್ಟಿಸುವ ಕಣ್ಣಿನ ಡ್ರಾಪ್ಸ್ ಮತ್ತೆ ಮತ್ತೆ ಹಾಕಬೇಡಿ.

ಹಂತ 9: ಗಾಯವಾದಾಗ

ಕ್ರಮ ಎಲ್ಲ ಕಡೆಯದ್ದೇ: ಮೊದಲು ಚಿಮ್ಮುವ ರಕ್ತ, ಆಮೇಲೆ ಉಸಿರ ದಾರಿ, ಎದೆ, ನಾಡಿ, ಕೊನೆಗೆ ಚಳಿ. ಪರ್ವತದಲ್ಲಿ ಕೊನೆಯ ಮೆಟ್ಟಿಲಾದ ಚಳಿಯನ್ನು ಮೊದಲ ನಿಮಿಷದಿಂದಲೇ ನೆನಪಿಡಬೇಕು. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ಹೆಪ್ಪುಗಟ್ಟದಿದ್ದರೆ ಸೋರುತ್ತಲೇ ಇರುತ್ತದೆ, ಸೋರಿದಷ್ಟೂ ಮೈ ತಣ್ಣಗಾಗುತ್ತದೆ.

ಐದು ಪದರ ಬಟ್ಟೆಯ ಒಳಗೆ ರಕ್ತ ಕಾಣುವುದಿಲ್ಲ. ಕೈ ಒಳಗೆ ಹಾಕಿ ತಡಕಾಡಿ, ಗ್ಲೌಸ್ ಕೆಂಪಾಗಿದೆಯೇ ನೋಡಿ. ಗುಂಡು ಹಾರುತ್ತಿರುವಾಗ ಟೂರ್ನಿಕೆಟನ್ನು ಬಟ್ಟೆಯ ಮೇಲೆಯೇ ಆದಷ್ಟು ಮೇಲಕ್ಕೆ ಬಿಗಿಯಿರಿ. ಮರೆಗೆ ಬಂದ ಮೇಲೆ ಬಟ್ಟೆ ಕತ್ತರಿಸಿ, ಗಾಯದಿಂದ ಎರಡು ಮೂರು ಇಂಚು ಮೇಲೆ ಚರ್ಮದ ಮೇಲೆ ಇನ್ನೊಂದು ಹಾಕಿ, ಕೀಲಿನ ಮೇಲೆ ಬೇಡ. ಹೊತ್ತು ಬರೆಯಿರಿ. ರಕ್ತ ಹೋಗದ ಆ ಕಾಲು ಬಹಳ ಬೇಗ ಹಿಮಕಡಿತಕ್ಕೆ ಸಿಗುತ್ತದೆ, ಆದ್ದರಿಂದ ಕತ್ತರಿಸಿದ ಕಡೆ ಹಾಗೇ ಬಿಡದೆ ಮತ್ತೆ ಹೊದಿಸಿ. ರಕ್ತ ಸೋರುವುದನ್ನು ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಕೊಡಲು ಆದೇಶವಿದ್ದರೆ ಮೂರು ಗಂಟೆಯೊಳಗೆ ಕೊಡಬೇಕು. ಡ್ರಿಪ್ ಹಾಕುವುದಾದರೆ ಬಾಟಲಿಯನ್ನು ಯಾರದಾದರೂ ಅಂಗಿಯೊಳಗೆ ಬೆಚ್ಚಗಿಟ್ಟು, ಕೊಳವೆಯನ್ನು ಹೊದಿಕೆಯ ಒಳಗಿನಿಂದ ತನ್ನಿ.

ಹಂತ 10: ಇಳಿಸುವುದು

ಮಧ್ಯಾಹ್ನ ಮೂರಕ್ಕೆ ಅನುಮಾನ ಬಂದರೆ ಮೂರಕ್ಕೇ ಹೇಳಿ. ‘ಬೆಳಗ್ಗೆವರೆಗೆ ನೋಡೋಣ’ ಅನ್ನುವ ಮಾತು ಪರ್ವತದಲ್ಲಿ ಬಹಳ ದುಬಾರಿ. ಚೀತಾ ಹೆಲಿಕಾಪ್ಟರ್ ಎತ್ತರದ ಪೋಸ್ಟ್‌ಗಳಿಗೆ ಬೆಳಕಿದ್ದಾಗ, ಹವೆ ಸರಿಯಿದ್ದಾಗ ಬರುತ್ತದೆ, ಅದೂ ಕಮ್ಮಿ ಭಾರ ಹೊತ್ತು. ಕತ್ತಲಾದ ಮೇಲೆ ಉಳಿಯುವುದು ಹೆಗಲು ಮಾತ್ರ. ಗಾಳಿ ತೆಳುವಾದ ಎತ್ತರದಲ್ಲಿ ಒಬ್ಬನನ್ನು ಹೊರಲು ಆರರಿಂದ ಎಂಟು ಜನ ಸರದಿಯಲ್ಲಿ ಬೇಕು. ಹೊರುವವರಿಗೂ ಏದುಸಿರು ಬರುತ್ತದೆ, ಅವರ ಮೇಲೂ ನಿಮ್ಮ ಕಣ್ಣಿರಲಿ.

ಪೋಸ್ಟಿನ ಹಿರಿಯ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಸಾಹೇಬರಿಗೆ ವಿಷಯ ಹೇಳುವಾಗ ಅಭಿಪ್ರಾಯ ಬೇಡ, ಅಂಕಿ ಹೇಳಿ. ‘ಸಾಬ್, ಉಸಿರು 32, ನಾಡಿ 124, ಆಕ್ಸಿಜನ್ 66, ನಾಲ್ಕು ಗಂಟೆ ಹಿಂದೆ 78 ಇತ್ತು’ ಅಂದರೆ ವಾದ ಮುಗಿಯುತ್ತದೆ. ಇದೇ ಅಂಕಿಗಳು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ರೋಗಿಯ ಅಂಗಿಗೆ ಪಿನ್ ಆಗಬೇಕು: ಹೆಸರು, ಬಂದ ತಾರೀಕು, ಎತ್ತರ, ಏನಾಯಿತು, ಯಾವ ಮದ್ದು ಎಷ್ಟು ಗಂಟೆಗೆ, ಟೂರ್ನಿಕೆಟ್ ಹೊತ್ತು, ಅಲರ್ಜಿ.

ಇಳಿದು ಹೋದವನ ಬಗ್ಗೆ ಪೋಸ್ಟಿನಲ್ಲಿ ತಮಾಷೆ ಶುರುವಾದರೆ ಅಲ್ಲೇ ನಿಲ್ಲಿಸಿ. ಅದು ಕೇಳಿಸಿಕೊಂಡ ಇನ್ನೊಬ್ಬ ನಾಳೆ ಕೆಮ್ಮು ಮುಚ್ಚಿಡುತ್ತಾನೆ. ಹಾಗೆಯೇ ತಿಂಗಳುಗಟ್ಟಲೆ ಅದೇ ನಾಲ್ಕು ಗೋಡೆ, ಅದೇ ಮುಖಗಳ ನಡುವೆ ಇದ್ದು ಮಂಕಾದವನಿಗೂ ಇದೇ ನಿಯಮ. ನಿದ್ದೆ ಬಿಟ್ಟವನು, ಮನೆಗೆ ಫೋನ್ ಮಾಡುವ ಸರದಿ ಬಿಟ್ಟುಕೊಡುವವನು ನಿಮ್ಮ ಪಟ್ಟಿಯಲ್ಲಿರಲಿ. ಆರ್‌ಎಂಒಗೆ ಅವನ ವಿಷಯವನ್ನೂ ಹೇಳಿ.

ಹಂತ 11: ಊರಿಗೆ ಬಂದ ಮೇಲೆ

ಇದು ಸೈನಿಕನ ಮನೆಯವರಿಗೂ ಗೊತ್ತಿರಬೇಕು. ಬಹಳ ಕಾಲ ಎತ್ತರದಲ್ಲಿದ್ದವನ ರಕ್ತ ದಪ್ಪಗಾಗಿರುತ್ತದೆ. ಕೆಂಪು ಕಣಗಳು ಹೆಚ್ಚಿರುತ್ತವೆ, ನೀರು ಕುಡಿದದ್ದು ಕಮ್ಮಿ, ಬಂಕರಿನಲ್ಲಿ ಓಡಾಟವೂ ಕಮ್ಮಿ. ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಂಭವ ಜಾಸ್ತಿ. ಅದರ ಮೇಲೆ ಎರಡು ದಿನ ರೈಲಿನಲ್ಲಿ ಕೂತು ಬರುತ್ತಾನೆ. ರೈಲಿನಲ್ಲಿ ಗಂಟೆಗೊಮ್ಮೆ ಎದ್ದು ನಡೆಯಲು, ನೀರು ಕುಡಿಯುತ್ತಾ ಇರಲು ಹೇಳಿ ಕಳಿಸಿ.

ರಜೆಯಲ್ಲಿ ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋವಾದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಇದ್ದಕ್ಕಿದ್ದ ಹಾಗೆ ಎದೆ ನೋವು, ಏದುಸಿರು, ಹಿಂದೆಂದೂ ಇಲ್ಲದ ತಲೆನೋವು, ಒಂದು ಕಡೆ ಕೈಕಾಲು ಸೋತ ಹಾಗೆ ಅನಿಸಿದರೆ ಅದೇ ಗಳಿಗೆ ಕಾಸರಗೋಡಿಗೋ ಮಂಗಳೂರಿಗೋ, ಯಾವ ದೊಡ್ಡ ಆಸ್ಪತ್ರೆ ಹತ್ತಿರವೋ ಅಲ್ಲಿಗೆ ಕರೆದುಕೊಂಡು ಹೋಗಿ. ಡಾಕ್ಟರಿಗೆ ಹೇಳಬೇಕಾದ ಮೊದಲ ಮಾತು ಇದು: ‘ಇವನು ಮಿಲಿಟರಿಯವನು, ಇಷ್ಟು ತಿಂಗಳು ಇಷ್ಟು ಎತ್ತರದಲ್ಲಿದ್ದ, ಇಂಥ ದಿನ ಇಳಿದು ಬಂದ.’ ಅವನನ್ನು ಕೇಳಿದರೆ ಇದನ್ನು ಹೇಳುವುದಿಲ್ಲ, ಜೊತೆಗೆ ಹೋದವರೇ ಹೇಳಬೇಕು.